ಉಣಿಸುವ ನೆಲಕ್ಕೆ ಒಡೆಯನಾರು?

ಸದ್ಭಕ್ತರೇ, ಹಸಿದಾಗ ಅನ್ನವಿಕ್ಕಿದ ಕೈಯನ್ನು ಯಾರೂ ಮಾರುವುದಿಲ್ಲ. ಅನ್ನ ಬೆಳೆಯುವ ನೆಲವನ್ನು ಮಾತ್ರ ಮಾರುತ್ತೇವೆ. ಇದು ಧರ್ಮವೇ? ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳವರ ನುಡಿಯಲ್ಲಿಯೇ ಈ ಪ್ರಶ್ನೆ ಅಡಗಿದೆ. ಅವರು ನೆಲವನ್ನು ‘ಆಯಿನ’ ಎನ್ನುತ್ತಾರೆ. ಉಣಿಸುವುದು ಎಂದು ಅದರ ಭಾವ. ಆದಿಪಿತೃ ವಾಕೇಯನ ಚೊಚ್ಚಲ ಮಗು ಜೀವವಿಲ್ಲದೆ ಹುಟ್ಟಿತು. ಅದನ್ನು ಹೂಳಿದೆಡೆಯಲ್ಲಿ ಕೆಸುವಿನ ಗಿಡ ಚಿಗುರಿತು. ಬಳಿಕ ಹುಟ್ಟಿದ ಹಾಲೋಆ ಮನುಷ್ಯಕುಲಕ್ಕೆ ಮೂಲನಾದನೆಂಬುದು ಅವರ ಪುರಾಣ. ನಮ್ಮ ಮಲೆನಾಡಿನ ತಾಯಂದಿರು ಪತ್ರೊಡೆಗೆಂದು ಕೊಯ್ಯುವ ಅದೇ ಕೆಸು ಅವರಿಗೆ ಹಿರಿಯಣ್ಣ! ಅಣ್ಣನು ಉಣಿಸಬೇಕು, ತಮ್ಮನು ಅಣ್ಣನನ್ನು ಕಾಯಬೇಕು. ಒಡಹುಟ್ಟಿದವನ ಮೇಲೆ ಒಡೆತನವೆಲ್ಲಿಯದು?

1848ರ ಭೂವಿಭಜನೆಯಿಂದ ಅಲ್ಲಿಯೂ ನೆಲವು ಸೊತ್ತಾಯಿತು. 1893ರಲ್ಲಿ ರಾಣಿ ಲಿಲಿಯುಒಕಲಾನಿಯ ಪಟ್ಟ ಹೋಯಿತು. 1896ರ ಶಾಸನವು ಇಂಗ್ಲಿಷನ್ನೇ ಶಾಲೆಗಳ ಬೋಧನಾಭಾಷೆಯಾಗಿಸಿತು. ಮನೆಯ ಮಾತು ಮಕ್ಕಳ ನಾಲಗೆಯಿಂದ ಜಾರಿತು. 1978ರಲ್ಲಿ ಹವಾಯಿ ರಾಜ್ಯದ ಸಂವಿಧಾನ ಅದಕ್ಕೆ ಅಧಿಕೃತ ಸ್ಥಾನವಿತ್ತಿತು. 1984ರಲ್ಲಿ ಕವಾಯಿ ದ್ವೀಪದಲ್ಲಿ ‘ಪೂನಾನಾ ಲಿಯೋ’, ಎಂದರೆ ನುಡಿಗೂಡು, ಎಂಬ ಶಿಶುವಿಹಾರ ತೆರೆಯಿತು. ಭಾಷೆಯ ಉಳಿವನ್ನು ಬರಿಯ ಅಭಿಮಾನದ ಸಂಗತಿಯೆಂದು ಭಾವಿಸುವ ಪಂಡಿತರು ಇದನ್ನು ಗಮನಿಸಬೇಕು. ಆ ದ್ವೀಪಗಳಲ್ಲಿ ನೆಲದ ಕ್ರಯವಿಕ್ರಯ ಇಂದಿಗೂ ನಿಂತಿಲ್ಲ, ನಿಜ. ಆದರೆ ನೆಲವನ್ನು ‘ಉಣಿಸುವುದು’ ಎಂದು ಕರೆದು ಬೆಳೆದ ಕೂಸು ನಾಳೆ ಕ್ರಯಪತ್ರಕ್ಕೆ ರುಜು ಹಾಕುವಾಗ ಒಂದು ಗಳಿಗೆಯಾದರೂ ಕೈ ತಡೆದೀತೆಂದು ನಮ್ಮ ಎಣಿಕೆ.