ವಾಲಿಗೂ ಪೂರ್ತಿ ಸಮಯ

ಹೆಗಡೆಕಟ್ಟಾ ಕಡೆಯ ಮನೆಗಳಲ್ಲಿ ಅಡಿಕೆ ಸುಲಿಯುವ ರಾತ್ರಿ ಟಿವಿ ಹಚ್ಚಿಟ್ಟಿರುತ್ತಾರೆ. ಕೈ ಮೆಟ್ಟುಗತ್ತಿಯ ಮೇಲೆ, ಕಿವಿ ಚರ್ಚೆಯ ಮೇಲೆ. ಪರದೆಯಲ್ಲಿ ಆರು ಚೌಕ, ಆರು ಮುಖ. ಆಳುವ ಪಕ್ಷದವರಿದ್ದಾರೆ, ವಿರೋಧ ಪಕ್ಷದವರಿದ್ದಾರೆ, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ. ಲೆಕ್ಕಕ್ಕೆ ಎರಡೂ ಕಡೆಯವರಿಗೆ ಜಾಗ ಸಿಕ್ಕಿದೆ. ಒಬ್ಬರ ವಾದವೂ ಕೊನೆ ಮುಟ್ಟುವುದಿಲ್ಲ.

ಪ್ರಸಾರ ಮಾಡುವವರು ವಿರುದ್ಧ ರಾಜಕೀಯ ನಿಲುವನ್ನೂ ಕಡ್ಡಾಯವಾಗಿ ಬಿತ್ತರಿಸಬೇಕೇ ಎಂದು ಕೇಳಿದರೆ ನಾನು ಹೌದು ಎನ್ನುತ್ತೇನೆ. ಆದರೆ ಆ ಕಡ್ಡಾಯ ಪಕ್ಷಗಳ ತಲೆ ಎಣಿಸುವುದಕ್ಕೆ ಮುಗಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಕಡ್ಡಾಯ ಮಾಡುವ ಹಕ್ಕು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ನಮ್ಮಲ್ಲೇ ಇದೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿತು. ಖಾಸಗಿ ವಾಹಿನಿಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಕೊಡಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರವೇ ನಿಯಮ ಮಾಡಿತು. ಅಂದಮೇಲೆ ಪ್ರಸಾರಕರ ಮೇಲೆ ಕರ್ತವ್ಯ ಹೊರಿಸುವುದು ಹೊಸ ಸಂಗತಿಯೇನಲ್ಲ. ಯಾವ ಕರ್ತವ್ಯ ಎಂಬುದಷ್ಟೇ ಪ್ರಶ್ನೆ.

ಪಕ್ಷದ ಲೆಕ್ಕ ಎಲ್ಲಿ ಸೋಲುತ್ತದೆ ಎಂಬುದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆ 1989ರಲ್ಲೇ ಕಂಡಿದೆ. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು 87ರ ಹರೆಯದ ಶಿವರಾಮ ಕಾರಂತರು ಆ ವರ್ಷ ಇಲ್ಲಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು, ಸೋತರು. 1977ರಿಂದ ಚುನಾವಣೆಯ ಕಾಲದಲ್ಲಿ ಆಕಾಶವಾಣಿ, ದೂರದರ್ಶನಗಳು ಸಮಯ ಕೊಡುತ್ತ ಬಂದಿರುವುದು ಮಾನ್ಯತೆ ಪಡೆದ ಪಕ್ಷಗಳಿಗೆ. ಪಕ್ಷೇತರನಿಗೆ ಅದರಲ್ಲಿ ಪಾಲಿಲ್ಲ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೂ, ಇಲ್ಲಿನ ಜನ ತಲೆಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಹೊತ್ತು ನಿಂತ ಅಭ್ಯರ್ಥಿಗೆ ಆ ಪಾಲಿನಲ್ಲಿ ಒಂದು ನಿಮಿಷವೂ ಬರುವಂತಿರಲಿಲ್ಲ. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದಾಗಲೇ ಸ್ಥಾವರದ ಗುಮ್ಮಟದ ಒಳಪದರ ಕಳಚಿ ಬಿತ್ತು. ಕಾರಂತರ ಮಾತೆಲ್ಲ ಸರಿಯಾಗಿತ್ತು ಎಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಅಂಥ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಹಕ್ಕು ಕೈಗಾದ ಸುತ್ತಲಿನವರಿಗೆ ಇತ್ತು ಎನ್ನುತ್ತಿದ್ದೇನೆ. ಆ ಹಕ್ಕು ಅಭ್ಯರ್ಥಿಯದ್ದಕ್ಕಿಂತ ಹೆಚ್ಚಾಗಿ ಕೇಳುಗನದ್ದು.

ಅಮೆರಿಕದಲ್ಲಿ 1949ರಿಂದ 1987ರ ವರೆಗೆ ಇಂಥದೊಂದು ನಿಯಮವಿತ್ತು. ಅದಕ್ಕೆ ಎರಡು ಭಾಗ. ಎರಡೂ ಕಡೆಯ ನಿಲುವು ಕೊಡಿ ಎಂಬುದು ಎಲ್ಲರಿಗೂ ನೆನಪಿರುವ ಭಾಗ. ನಿಮ್ಮ ಊರಿನ ಮಹತ್ವದ ವಿವಾದವನ್ನು ಮುಚ್ಚಿಡದೆ ಎತ್ತಿಕೊಳ್ಳಿ ಎಂಬುದು ಮರೆತುಹೋದ ಭಾಗ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್ ಕಲ್ಲಿದ್ದಲಿಗಾಗಿ ಬೆಟ್ಟ ಕೆರೆಯುವ ಸೀಮೆ. ಸಂಸದೆ ಪ್ಯಾಟ್ಸಿ ಮಿಂಕ್ ಆ ಗಣಿಗಾರಿಕೆಯ ಬಗ್ಗೆ ಕಳಿಸಿದ ಧ್ವನಿಸುರುಳಿಯನ್ನು ಅಲ್ಲಿನ ರೇಡಿಯೋ ಕೇಂದ್ರ ಹಾಕಲಿಲ್ಲ. ಗಣಿಯ ನಡುವೆಯೇ ಇದ್ದು ಗಣಿಯ ಸುದ್ದಿ ಎತ್ತದಿರುವುದು ಕರ್ತವ್ಯಲೋಪ ಎಂದು 1976ರಲ್ಲಿ ಅಲ್ಲಿನ ಪ್ರಸಾರವನ್ನು ನಿಯಂತ್ರಿಸುವ ಸಂಪರ್ಕ ಆಯೋಗ ತೀರ್ಮಾನಿಸಿತು. ಹನ್ನೊಂದು ವರ್ಷದ ಮೇಲೆ ಅದೇ ಆಯೋಗ, ಈ ನಿಯಮದ ಭಯಕ್ಕೆ ಕೇಂದ್ರಗಳು ವಿವಾದದಿಂದಲೇ ದೂರ ಸರಿಯುತ್ತಿವೆ ಎಂದು ನಿಯಮವನ್ನೇ ಕೈಬಿಟ್ಟಿತು. ಆ ದೂರು ಹುಸಿಯಲ್ಲ. ಆದರೆ ಅದಕ್ಕೆ ಮದ್ದು ಕ್ಲಾರ್ಕ್ಸ್‌ಬರ್ಗ್ ತೀರ್ಮಾನದಲ್ಲೇ ಇತ್ತು. ಮೌನವೂ ತಪ್ಪೆಂದಾದರೆ ಮೌನಕ್ಕೆ ಸರಿದು ಯಾರೂ ಪಾರಾಗುವುದಿಲ್ಲ.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆ. ಯಾವುದು ವಿರುದ್ಧ ನಿಲುವು ಎಂದು ನಿರ್ಧರಿಸುವವರು ಯಾರು? ಸರ್ಕಾರವೇ ಆದರೆ ಕಥೆ ಮುಗಿದಂತೆ. ತುರ್ತು ಪರಿಸ್ಥಿತಿಯ ಆಕಾಶವಾಣಿಯನ್ನು ಕೇಳಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ತೀರಾ ಇತ್ತೀಚೆಗೆ, 2024ರ ಚುನಾವಣೆಯಲ್ಲಿ, ಸೀತಾರಾಂ ಯೆಚೂರಿಯವರ ಪ್ರಸಾರ ಭಾಷಣದಿಂದ ಕೆಲವು ಪದಗಳನ್ನು ಮೊದಲೇ ತೆಗೆಸಲಾಯಿತು. ಸಮಯ ಕೊಟ್ಟು ಮಾತು ಕತ್ತರಿಸುವುದು ಸಮಯ ಕೊಡದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಕೇಳುವವನಿಗೆ ಕತ್ತರಿ ಬಿದ್ದದ್ದು ಗೊತ್ತಾಗುವುದಿಲ್ಲ. ಅದಕ್ಕೇ ಈ ಅಧಿಕಾರ ಸಚಿವಾಲಯದ ಕೈಗೆ ಹೋಗಬಾರದು. ದೂರು ಬಂದ ಮೇಲಷ್ಟೇ ವಿಚಾರಣೆ, ಅದೂ ಸರ್ಕಾರದ ಹೊರಗಿನ ಮಂಡಳಿಯಲ್ಲಿ. ದಂಡವಿಲ್ಲ, ಪರವಾನಗಿ ರದ್ದತಿಯಿಲ್ಲ. ಅಷ್ಟೇ ಹೊತ್ತಿನಲ್ಲಿ ಉತ್ತರಕ್ಕೆ ಅವಕಾಶ, ಅಷ್ಟೇ. ಈ ದಾರಿ ನಮ್ಮ ನ್ಯಾಯಾಲಯಕ್ಕೆ ಪರಿಚಯವಿಲ್ಲದ್ದೇನಲ್ಲ. ಪ್ರೊ. ಮನುಭಾಯ್ ಶಾ ಅವರ ಟೀಕೆಗೆ ಉತ್ತರವನ್ನು ಜೀವ ವಿಮಾ ನಿಗಮ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿ, ಶಾ ಅವರ ಪ್ರತ್ಯುತ್ತರವನ್ನು ಮಾತ್ರ ನಿರಾಕರಿಸಿತ್ತು. ಅದನ್ನೂ ಪ್ರಕಟಿಸಲೇಬೇಕು ಎಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಉತ್ತರ ಕೊಡುವುದೆಂದರೆ ಏನು ಎಂಬುದನ್ನು ನಮ್ಮ ಸೀಮೆಯವರು ತಾಳಮದ್ದಳೆಯಲ್ಲಿ ಕಲಿತಿದ್ದಾರೆ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದವನು ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಮಾಡಿದ್ದೆ? ಕೂತವರೆಲ್ಲ ರಾಮನ ಭಕ್ತರೇ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ವಾಲಿಯ ಮಾತು ಮುಗಿಯುವ ತನಕ ಭಾಗವತರು ಪದ ಎತ್ತುವುದಿಲ್ಲ, ರಾಮ ನಡುವೆ ಬಾಯಿ ಹಾಕುವುದಿಲ್ಲ. ಪ್ರಶ್ನೆ ಅಷ್ಟು ಬಲವಾಗಿ ಬಂದಾಗಲೇ ರಾಮನ ಉತ್ತರಕ್ಕೂ ತೂಕ. ಟಿವಿಯ ಆರು ಚೌಕಗಳಲ್ಲಿ ಇಲ್ಲದ್ದು ಇದೇ: ಒಬ್ಬನ ವಾದ ಪೂರ್ತಿ ಹೊರಬರುವಷ್ಟು ಹೊತ್ತು, ಮತ್ತು ಅದಕ್ಕೆ ಉತ್ತರಿಸಲೇಬೇಕೆಂಬ ಕಟ್ಟು.

ಈ ನಿಯಮ ನಮಗೂ ಚುಚ್ಚುತ್ತದೆ. ಬೇಡ್ತಿ-ವರದಾ ನದಿ ಜೋಡಣೆ ಬೇಡವೆಂದು ಶಿರಸಿ, ಯಲ್ಲಾಪುರಗಳಲ್ಲಿ ಸಭೆ ಸೇರುವ ನಾವು ನಮ್ಮ ಮಾತು ಎಲ್ಲೆಡೆ ಕೇಳಲಿ ಎಂದು ಬಯಸುತ್ತೇವೆ. ವರದೆಯ ಕೆಳಪಾತ್ರದ ಹಾವೇರಿ ಕಡೆ ನೀರಿಗಾಗಿ ಕಾಯುವ ರೈತನಿಗೂ ವಾದವಿದೆ. ಅದನ್ನು ಅವನ ಬಾಯಲ್ಲೇ, ಪೂರ್ತಿ, ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಈ ಜಗಳದಲ್ಲಿ ಘಟ್ಟದವರು ಒಂದು ಪಕ್ಷ, ಬಯಲಿನವರು ಇನ್ನೊಂದು ಪಕ್ಷ ಅಂತಿಲ್ಲ; ಎರಡೂ ಕಡೆ ಎಲ್ಲ ಪಕ್ಷದವರೂ ಇದ್ದಾರೆ. ಹಾಗಾಗಿ ವಕ್ತಾರರನ್ನು ಎಷ್ಟು ಕೂರಿಸಿದರೂ ನಿಜವಾದ ವಿರುದ್ಧ ನಿಲುವು ಹೊರಬರುವುದಿಲ್ಲ. ಬೇಡ್ತಿಯ ದಂಡೆಯ ತೋಟಿಗನಿಗೆ ಅರ್ಧ ಗಂಟೆ, ಹಾವೇರಿಯ ರೈತನಿಗೆ ಅರ್ಧ ಗಂಟೆ, ಆಮೇಲೆ ಒಬ್ಬರಿಗೊಬ್ಬರು ಕೇಳುವ ಪ್ರಶ್ನೆಗಳು. ಕಾರವಾರ, ಧಾರವಾಡ ಆಕಾಶವಾಣಿಗಳಿಂದ ಒಂದೇ ಸಂಜೆ ಇದು ಬರಲಿ. ಹಾವೇರಿಯವರ ಸರದಿ ಮೊದಲು ಬಂದರೆ ನಮ್ಮ ತಕರಾರಿಲ್ಲ.