ಬಾಗಿಲ ಬದಿಯ ಜೀವಕ್ಕೆ ಹೊಣೆ ಯಾರು?

ಎದುರಿನಿಂದ ಢಿಕ್ಕಿಯಾದರೆ ಕಾರಿನ ಬಾನೆಟ್ ಭಾಗ ನಜ್ಜುಗುಜ್ಜಾಗಿ ಹೊಡೆತದ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಬದಿಯಿಂದ ಬಂದು ಗುದ್ದಿದರೆ ಆ ಅವಕಾಶವಿಲ್ಲ. ಒಳಗೆ ಕುಳಿತವರಿಗೂ ಬಂದೆರಗುವ ವಾಹನಕ್ಕೂ ನಡುವೆ ಇರುವುದು ಗೇಣು ದಪ್ಪದ ಬಾಗಿಲು ಮಾತ್ರ.

ಈ ಕೊರತೆಯನ್ನು ತುಂಬಲೆಂದೇ 1990ರ ದಶಕದ ಮಧ್ಯದಲ್ಲಿ ವೋಲ್ವೋ ಕಾರುಗಳಲ್ಲಿ ಬದಿಯ ಏರ್‌ಬ್ಯಾಗ್ ಬಂತು. ಬಾಗಿಲಿಗೆ ಪೆಟ್ಟು ಬಿದ್ದುದನ್ನು ಸೆನ್ಸರ್ ಗುರುತಿಸಿದೊಡನೆ, ಕಣ್ಣು ಮಿಟುಕಿಸುವ ಮೊದಲೇ ಚೀಲ ಉಬ್ಬಿ ನಿಲ್ಲುತ್ತದೆ. ಆಸನದ ಅಂಚಿನಿಂದ ಹೊರಬರುವ ಚೀಲ ಪಕ್ಕೆಲುಬುಗಳನ್ನು ಕಾಯುತ್ತದೆ. ಛಾವಣಿಯಂಚಿನಿಂದ ಪರದೆಯಂತೆ ಇಳಿಯುವ ಚೀಲ ಮುಂದಿನವರ ಮತ್ತು ಹಿಂದಿನವರ ತಲೆಯನ್ನು ಕಾಯುತ್ತದೆ. ತಲೆಯನ್ನೂ ರಕ್ಷಿಸುವ ಇಂತಹ ಚೀಲವಿದ್ದರೆ, ಚಾಲಕನ ಬದಿಗೆ ಢಿಕ್ಕಿಯಾದಾಗ ಆತನ ಸಾವಿನ ಅಪಾಯ ಶೇ. 37ರಷ್ಟು ತಗ್ಗುತ್ತದೆಂದು ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ.

ನಮ್ಮಲ್ಲಿ ಆರು ಏರ್‌ಬ್ಯಾಗ್‌ಗಳನ್ನು ಕಡ್ಡಾಯಗೊಳಿಸುವ ಕರಡು ನಿಯಮವನ್ನು ಕೇಂದ್ರ ಸರಕಾರ 2022ರ ಜನವರಿಯಲ್ಲಿ ಪ್ರಕಟಿಸಿತು. ಬಳಿಕ ಅದನ್ನು ಒಂದು ವರ್ಷ ಮುಂದೂಡಲಾಯಿತು. 2023ರ ಸೆಪ್ಟೆಂಬರಿನಲ್ಲಿ ಸಚಿವ ನಿತಿನ್ ಗಡ್ಕರಿ, ಕಡ್ಡಾಯ ಮಾಡುವುದಿಲ್ಲ ಎಂದರು. ಸುರಕ್ಷತೆಗೆ ನಕ್ಷತ್ರಗಳ ಶ್ರೇಯಾಂಕ ನೀಡುವ ವ್ಯವಸ್ಥೆ ಬಂದಿದೆ, ಪೈಪೋಟಿಯೇ ಈ ಕೆಲಸ ಮಾಡುತ್ತದೆ ಎಂಬುದು ಇದರ ಹಿಂದಿನ ವಾದ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಅಗ್ಗದ ಹಲವು ಕಾರುಗಳಲ್ಲೂ ಈಗ ಆರು ಚೀಲಗಳು ಬರುತ್ತಿವೆ.

ಆದರೆ ನೈತಿಕ ಪ್ರಶ್ನೆ ಉಳಿದೇ ಇದೆ. ಆಯ್ಕೆ ಎಂದರೆ ಯಾರ ಆಯ್ಕೆ? ಕಾರು ಕೊಳ್ಳುವವನು ಒಬ್ಬ. ಅದರಲ್ಲಿ ಕೂರುವವರು ಹಲವರು. ಹಿಂದಿನ ಸೀಟಿನ ಮಗು ಮಾದರಿ ಆರಿಸಿಲ್ಲ. ಮುದಿ ತಾಯಿಯನ್ನು ಯಾರೂ ಕೇಳಿಲ್ಲ. ಬಾಡಿಗೆ ಕಾರು ಹತ್ತಿದವರಿಗೆ ಎಷ್ಟು ಚೀಲಗಳಿವೆ ಎಂಬುದೇ ತಿಳಿದಿರುವುದಿಲ್ಲ. ಇನ್ನು, ಕೂಡುರಸ್ತೆಯಲ್ಲಿ ಬದಿಯಿಂದ ಪೆಟ್ಟು ತಿನ್ನುವವರು ಎಷ್ಟೋ ಸಲ ನಿಯಮ ಪಾಲಿಸಿದವರೇ ಆಗಿರುತ್ತಾರೆ. ಸಿಗ್ನಲ್ ಮುರಿದು ನುಗ್ಗಿದವನು ಬೇರೊಬ್ಬ. ತಪ್ಪು ಒಬ್ಬನದು, ಉಳಿತಾಯ ಇನ್ನೊಬ್ಬನದು, ಸಾವು ಮಾತ್ರ ಮೂರನೆಯವನದು. ಇದನ್ನು ಆಯ್ಕೆಯ ಸ್ವಾತಂತ್ರ್ಯ ಎಂದು ಕರೆಯಬಹುದೇ?

ಕಾರು ದುಬಾರಿಯಾದರೆ ಬಡ ಕುಟುಂಬ ಬೈಕಿನಲ್ಲೇ ಉಳಿಯುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯಲ್ಲಿ ಶೇ. 44ರಷ್ಟು ಜನ ದ್ವಿಚಕ್ರ ವಾಹನದವರು. ಆದರೆ ಈ ಆಕ್ಷೇಪ ಹೇಳುವುದು ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನೇ ಹೊರತು, ಯಾರ ಜೀವವನ್ನು ಬಿಟ್ಟುಕೊಡಬಹುದು ಎಂಬುದನ್ನಲ್ಲ. ಸುರಕ್ಷತಾ ಸಾಧನಗಳ ಮೇಲಿನ ತೆರಿಗೆ ಇಳಿಸಲು ಸರಕಾರಕ್ಕೆ ಸಾಧ್ಯವಿದೆ. ಲಾಭದ ಒಂದಂಶ ಬಿಡಲು ಕಂಪೆನಿಗಳಿಗೂ ಸಾಧ್ಯವಿದೆ. ಹಾಡಿನ ಪೆಟ್ಟಿಗೆ, ಚರ್ಮದ ಹೊದಿಕೆಗಳನ್ನು ಬೇಕಾದವರು ಹೆಚ್ಚು ಹಣ ಕೊಟ್ಟು ಕೊಳ್ಳಲಿ. ಬ್ರೇಕನ್ನು ನಾವು ಹಾಗೆ ಮಾರುವುದಿಲ್ಲ. ಪಕ್ಕೆಲುಬು, ತಲೆಬುರುಡೆಗಳ ರಕ್ಷಣೆಯನ್ನು ಮಾತ್ರ ಹಾಗೇಕೆ ಮಾರಬೇಕು?