ಪ್ರಾರಬ್ಧ ಮತ್ತು ನಂಜು

ಹುಟ್ಟಿದ ಐದನೆಯ ರಾತ್ರಿ ಶೆಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ಉತ್ತರ ಕರ್ನಾಟಕದ ಮನೆಗಳಲ್ಲಿ ನಂಬುತ್ತಾರೆ. ಆದರೆ ತಿಂಗಳು ತುಂಬುವ ಮೊದಲೇ ತೀರಿಹೋಗುವ ಶಿಶುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮೊದಲ ದಿನವೇ ಹೋಗುತ್ತದೆ, ಮುಕ್ಕಾಲು ಪಾಲು ಮೊದಲ ವಾರ ದಾಟುವುದಿಲ್ಲ. ಬರೆಯುವವಳು ಬರುವ ಮುಂಚೆಯೇ ಹೋದ ಕೂಸಿನ ಸಾವನ್ನು ಯಾರ ಲೆಕ್ಕಕ್ಕೆ ಹಾಕುವುದು? ಹಿಂದಿನ ಜನ್ಮದ ಕರ್ಮ, ಪ್ರಾರಬ್ಧ ಎಂಬ ಉತ್ತರ ನಮ್ಮಲ್ಲಿ ಸದಾ ಸಿದ್ಧವಿರುತ್ತದೆ. ಅದು ಸುಳ್ಳೆಂದು ಯಾರೂ ಸಾಧಿಸಲಾರರು. ಅದರ ತೊಡಕಿರುವುದೂ ಅಲ್ಲೇ.

ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಸಾವಿನ ಕಾರಣಗಳು ಬಹಳವಿಲ್ಲ: ದಿನ ತುಂಬದ ಹೆರಿಗೆ, ಹುಟ್ಟುವಾಗ ಉಸಿರುಗಟ್ಟಿದ್ದು, ನಂಜು, ಹುಟ್ಟಿನಿಂದಲೇ ಬಂದ ಅಂಗದೋಷ. ನಂಜನ್ನಷ್ಟೇ ನೋಡೋಣ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿ, ಅಲ್ಲಿನ ತೀವ್ರ ನಿಗಾ ಘಟಕ ಸೇರಿದ 13,000ಕ್ಕೂ ಹೆಚ್ಚು ಶಿಶುಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 14 ಶಿಶುಗಳಿಗೆ ನಂಜೇರಿತ್ತು. ಸಾವುಗಳಲ್ಲಿ ಸುಮಾರು ಕಾಲುಭಾಗ ಅದರಿಂದಲೇ. ಬಹುಪಾಲು ಸೋಂಕು ಕಾಣಿಸಿಕೊಂಡದ್ದು ಮೊದಲ 72 ಗಂಟೆಯೊಳಗೆ. ಮುಂಚೂಣಿಯಲ್ಲಿದ್ದವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ. ಆಸ್ಪತ್ರೆಯ ಸಿಂಕು, ಟ್ಯೂಬು, ತೊಳೆಯದ ಕೈಗಳಲ್ಲಿ ಬೀಡುಬಿಡುವಂಥವು, ಹಲವು ಆಂಟಿಬಯೋಟಿಕ್‌ಗಳಿಗೆ ಜಗ್ಗದವು. ಕಿಕ್ಕಿರಿದ ವಾರ್ಡಿನಲ್ಲಿ ಒಂದೇ ವಾರ್ಮರ್ ಮೇಲೆ ಎರಡು ಕೂಸು ಮಲಗಿಸಿ, ನರ್ಸ್ ಒಂದರ ಮೂಗಿನ ಟ್ಯೂಬ್ ಸರಿಪಡಿಸಿದ ಕೈಯಲ್ಲೇ ಇನ್ನೊಂದಕ್ಕೆ ಹಾಲಿನ ಸಿರಿಂಜ್ ಹಿಡಿದರೆ ರೋಗಾಣು ದಾಟಲು ಪೂರ್ವಜನ್ಮವೇನೂ ಬೇಕಿಲ್ಲ. (ಇದು ಆಕೆಯ ಮೇಲಿನ ದೂರಲ್ಲ. ರಾತ್ರಿಪಾಳಿಗೆ ಒಬ್ಬಳನ್ನೇ ಬಿಟ್ಟವರು ಬೇರೆ.)

ರೋಗಾಣು ಬರೀ ನಿಮಿತ್ತ, ಅದನ್ನು ಆ ಕೂಸಿನ ಬಳಿಗೇ ತಂದದ್ದು ಕರ್ಮ ಎಂದು ಆಸ್ತಿಕರು ವಾದಿಸಬಹುದು. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವನ್ನು ಅವರ ಮುಂದಿಡಬೇಕು. ಕಡಿಮೆ ತೂಕದ ಕೂಸುಗಳಲ್ಲಿ ಕೆಲವನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗವಚಿ ಇಟ್ಟರು, ಉಳಿದವನ್ನು ಸ್ಥಿತಿ ಸುಧಾರಿಸಿದ ಮೇಲೆ. ಯಾವುದು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗಿತ್ತು. 28 ದಿನಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 12, ಎರಡನೆಯದರಲ್ಲಿ ಸುಮಾರು 16 ಶಿಶುಗಳು ತೀರಿಕೊಂಡವು. ಪುಣ್ಯವಂತ ಕೂಸುಗಳೇ ಒಂದು ಕಡೆಗೆ ಬಂದವೇ? ಚೀಟಿ ಎತ್ತಿಸಿದ್ದೂ ಕರ್ಮವೇ ಎಂದರೆ, ಫಲಿತಾಂಶ ತಿರುಗುಮುರುಗಾಗಿದ್ದರೂ ಅದೇ ಮಾತು ಸಲ್ಲುತ್ತಿತ್ತು. ಏನೇ ಆದರೂ ಸಲ್ಲುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಇದು ಹೊರಗಿನಿಂದ ತಂದ ತರ್ಕವೂ ಅಲ್ಲ. ಚರಕಸಂಹಿತೆಯಲ್ಲಿ, ಆಯುಷ್ಯ ಮೊದಲೇ ನಿಗದಿಯಾಗಿದೆಯೇ ಎಂದು ಶಿಷ್ಯ ಅಗ್ನಿವೇಶ ಕೇಳಿದಾಗ ಗುರು ಆತ್ರೇಯ ದೈವದ ಜೊತೆ ಪುರುಷಪ್ರಯತ್ನವನ್ನೂ ಎಣಿಸಬೇಕೆನ್ನುತ್ತಾನೆ. ಎಲ್ಲವೂ ನಿಗದಿಯಾಗಿದ್ದರೆ ಔಷಧವೇಕೆ ಎಂಬುದು ಆ ಗ್ರಂಥದ್ದೇ ವಾದ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿ: ಹಣೆಬರಹವೆಂಬ ಮಾತು ಕೂಸು ಕಳೆದುಕೊಂಡವಳಿಗೆ ಸಮಾಧಾನ ಕೊಡುತ್ತದೆ. ನಿಜ, ಎರಡು ದಿನ. ಆಮೇಲೆ ಅದೇ ಮಾತು ‘ಯಾವ ಜನ್ಮದ ಪಾಪವೋ’ ಎಂದು ಅವಳತ್ತಲೇ ಬೊಟ್ಟು ಮಾಡುತ್ತದೆ, ಮುಂದಿನ ಬಸಿರಿನಲ್ಲೂ ಅವಳ ಬೆನ್ನು ಬಿಡುವುದಿಲ್ಲ. ತಲೆಬುರುಡೆಯೇ ಬೆಳೆಯದೆ ಹುಟ್ಟಿದ ಕೂಸಿನ ಎದುರು ವೈದ್ಯರೂ ಕೈಚೆಲ್ಲುತ್ತಾರೆ. ಅಲ್ಲಿ ವಿಧಿಯೆಂದು ಅತ್ತರೆ ತಪ್ಪೇನಿಲ್ಲ. ಮೂರನೆಯ ದಿನ ನಂಜಿನಿಂದ ಹೋದ ಕೂಸಿನ ವಿಷಯ ಹಾಗಲ್ಲ. ರಕ್ತದ ಕಲ್ಚರ್ ಯಾವಾಗ ಕಳಿಸಿದರು, ಆ ರಾತ್ರಿ ವಾರ್ಡಿನಲ್ಲಿ ಎಷ್ಟು ಕೂಸುಗಳಿಗೆ ಎಷ್ಟು ನರ್ಸುಗಳಿದ್ದರು, ನಲ್ಲಿಯಲ್ಲಿ ನೀರು ಬರುತ್ತಿತ್ತೇ ಎಂಬುದಕ್ಕೆ ಆ ಮನೆಯವರಿಗೆ ಉತ್ತರ ಸಿಗಬೇಕು.